ಅಂಗಿಗೆ ಅರ್ಥವಿಲ್ಲ

…ಅಥವಾ ಆ ಹೆಂಗಸು ಸೀರೆಯ ಮೇಲೆ ತೊಟ್ಟಿದ್ದು ಅಂಗಿಯೇ ಹೌದೋ, ನಾನೇ ಆಮೇಲೆ ತೊಡಿಸಿದೆನೋ? ನನ್ನ ನೆನಪನ್ನು ನಾನು ನಂಬುವುದಿಲ್ಲ. ಖಾಲಿ ಉಳಿದ ಜಾಗಕ್ಕೆ ತಾನೇ ಬಣ್ಣ ಬಳಿದುಕೊಳ್ಳುವ ಚಾಳಿ ಅದಕ್ಕೆ. ವಿಠ್ಠಲವಾಡಿ ಸ್ಟೇಷನ್ನಿನಾಚೆ ಅವಳು ಇಟ್ಟಿಗೆ ಹೊರುತ್ತಿದ್ದಳು, ನಾನು ಲೋಕಲ್ ರೈಲಿನ ಕಿಟಕಿಯಿಂದ ನೋಡಿದೆ, ಇಷ್ಟಂತೂ ನಿಜವಿರಬೇಕು. ಏಕೆಂದರೆ ಮರುವಾರವೇ ನಮ್ಮ ವಿಡಿಯೊ ಗೇಮಿನ ನಾಯಕಿಗೆ ಕಚ್ಚೆ ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ಬರೆದಿಟ್ಟೆ. ಲೋಕದಲ್ಲೇ ಇಲ್ಲದ ಜನರಿಗೆ ಬಟ್ಟೆ ತೊಡಿಸುವುದೇ ನನ್ನ ನೌಕರಿ. ಮನೆಯಲ್ಲಿ ಮಾತ್ರ ಸೂಜಿಗೆ ದಾರ ಪೋಣಿಸಲೂ ಬಾರದು.

ನವಿ ಮುಂಬೈಯ ನಮ್ಮ ಆಫೀಸಿನಲ್ಲಿ ಬಟ್ಟೆಗೆ ಗುಟ್ಟಾದ ಅರ್ಥವಿರಲೇಬೇಕು. ಕೆಂಪು ಶಾಲು ಅಂದರೆ ಸೇಡು, ಒಂದೇ ಕೈಗವಸು ಅಂದರೆ ಕಳೆದುಹೋದ ತಮ್ಮ. ಆಟಗಾರರು ಅದನ್ನು ಪತ್ತೆಹಚ್ಚಿ ಗಂಟೆಗಟ್ಟಲೆ ವಿಡಿಯೊ ಮಾಡುತ್ತಾರೆ. ಹಾಗಾಗಿ ನಮ್ಮ ಮುಖ್ಯಸ್ಥರು, ಉಡುಪಿ ಕಡೆಯ ಪ್ರಸಾದ್, ಚಿತ್ರ ನೋಡಿ, "ಎಂತ ಮಾರಾಯ್ರೆ ಇದು? ಈ ಅಂಗಿಗೆ ಅರ್ಥ ಉಂಟಾ? ಇಲ್ಲದಿದ್ರೆ ತೆಗೀರಿ" ಎಂದರು. ಅಂಗಿ ಉಳಿಸುವ ಆತುರದಲ್ಲಿ, "ಸತ್ತ ಗಂಡನದು. ಐದು ಗುಂಡಿ ಅಂದರೆ ಪಂಚಭೂತ" ಎಂದುಬಿಟ್ಟೆ. ಅವರ ಕಣ್ಣು ಅರಳಿತು. "ಹಾಗಾದ್ರೆ ಎದೆ ಮೇಲೆ ಒಂದು ರಕ್ತದ ಕಲೆ ಬರ್ಲಿ. ಸೋಮವಾರ ಫೈನಲ್."

ಭಾನುವಾರ ಡೊಂಬಿವಲಿಯ ನಮ್ಮ ಕಟ್ಟಡದ ನಲ್ಲಿಗೆ, ಪಕ್ಕದ ಕಟ್ಟೋಣದಲ್ಲಿ ಕೆಲಸ ಮಾಡುವ ಕಲಬುರಗಿಯ ಶರಣಮ್ಮ ನೀರಿಗೆ ಬಂದಳು. ಸೀರೆಯ ಮೇಲೆ ಅಂಥದೇ ಅಂಗಿ. ಫೋನಿನಲ್ಲಿ ಚಿತ್ರ ತೋರಿಸಿ, ಗಂಡ ಸತ್ತ ಕಥೆಯನ್ನೂ ಹೇಳಿ, "ಹೇಗಿದೆ?" ಎಂದೆ.

"ನಾ ಬಾಜಾರದಾಗ ಆರಿಸಿ ತಂದ ಅಂಗಿರೀ ಇದು. ಬಿಸಲಿಗಿ ತೋಳ ಸುಡ್ತಾವ, ಸಿಮಿಟ್ ಹತ್ತಿ ಮೈ ತುರಸ್ತದ, ಅದಕ್ಕ ಹಾಕೋತೀವಿ. ನನ್ನ ಗಂಡ ಗುಂಡಕಲ್ಲಿನಂಗ ಅದಾನ. ಅಂಗಿ ಸಲುವಾಗಿ ಅವನ್ನ ಯಾಕ ಸಾಯಸ್ತೀರಿ ಅಕ್ಕೋರ?"

ಸೋಮವಾರ ಮೀಟಿಂಗಿನಲ್ಲಿ ಎದ್ದು ನಿಂತೆ. "ಗಂಡನೂ ಇಲ್ಲ, ಭೂತವೂ ಇಲ್ಲ. ಬಿಸಿಲಿಗೆ ಹಾಕಿಕೊಂಡಿದ್ದಾಳೆ."

"ಅಷ್ಟೇಯಾ?"

"ಅಷ್ಟೇ. ಅಂಗಿ ತೆಗೆಯುವುದಾದರೆ ನನ್ನ ಹೆಸರನ್ನೂ ತೆಗೆಯಿರಿ. ಕಲೆಯನ್ನಂತೂ ನಾನು ಹಾಕುವುದಿಲ್ಲ."

ಪ್ರಸಾದ್ ಮುಂದಿನ ಚಿತ್ರಕ್ಕೆ ಹೋದರು.

ಆಟ ಬಿಡುಗಡೆಯಾಗಿದೆ. ಅಂಗಿ ಇದೆ, ಕಲೆಯಿಲ್ಲ. ಅದು ನಾಯಕಿಯ ಗುರುವಿನ ಅಂಗಿಯೆಂದು ಆಟಗಾರನೊಬ್ಬ ವಿಡಿಯೊದಲ್ಲಿ ಸಾಧಿಸಿದ್ದಾನೆ. "ಬಿಸಿಲಿಗೆ ಕಣಪ್ಪಾ" ಎಂದು ಕೆಳಗೆ ಬರೆದೆ. "ಆಂಟಿ, ನಿಮಗೆ ಗೇಮ್ ಅರ್ಥವಾಗಿಲ್ಲ" ಎಂದು ಉತ್ತರ ಬಂತು. ಇರಲಿ, ನಾನು ಸೋತಿಲ್ಲ. ಆದರೆ ಪ್ರಸಾದ್ ಅಂಗಿ ಉಳಿಸಿದ್ದು ನನ್ನ ಹಟಕ್ಕೆ ಮಣಿದೋ, ಹೊಸದು ಬರೆಸಲು ಸಮಯವಿಲ್ಲದೆಯೋ? ಮೀಟಿಂಗಿನಲ್ಲಿ ಅಷ್ಟು ಗುಡುಗಿದ ನನಗೆ ಇದೊಂದನ್ನು ಕೇಳುವ ಧೈರ್ಯ ಬಂದಿಲ್ಲ. ಗೊತ್ತಿಲ್ಲ.