ಕೆರೆಯಂಗಳದ ಸುಣ್ಣದ ಬಾಣಗಳ ಕುರಿತು

ಊರಿಗಾಂ, ಮಾರ್ಚ್ ೧೯೮೯

ಜೀಪು ವಿಹಾರ ಸಂಘದ ಕಾರ್ಯದರ್ಶಿಗಳಾದ ಮಾನ್ಯರೇ,

ಊರಿಗಾಂ ಕ್ವಾರ್ಟರ್ಸಿನ ನಿವಾಸಿಯೂ, ಕಾರ್ಖಾನೆಯ ಸ್ಟೋರ್ಸ್ ಗುಮಾಸ್ತನೂ, ಒಂದು ಬಡ ಮೊಪೆಡ್ಡಿನ ಒಡೆಯನೂ ಆದ ಓಂಕಾರಪ್ಪನು, ಸೊಂಟ ಬಗ್ಗದ ಕಾರಣ ನೆಟ್ಟಗೆ ನಿಂತೇ ಸಲ್ಲಿಸುತ್ತಿರುವ ನಮಸ್ಕಾರಗಳು.

ಕಳೆದ ಭಾನುವಾರ ಬೇತಮಂಗಲದ ಕಡೆಯ ಕೆರೆಯಂಗಳದಲ್ಲಿ ತಾವು ಜೀಪು, ಬೈಕುಗಳ ಓಟಕ್ಕೆಂದು ಸುಣ್ಣದ ಬಾಣಗಳನ್ನು ಬರೆಸಿದ್ದಿರಷ್ಟೆ. ಅದೇ ಮಧ್ಯಾಹ್ನ ನಾನು ಮೊಪೆಡ್ಡಿನ ಹಿಂದೆ ಒಂದು ಬಾಳೆಗೊನೆ ಕಟ್ಟಿಕೊಂಡು ಕೆರೆಯಾಚೆಯ ಹಳ್ಳಿಗೆ ಹೆಣ್ಣು ನೋಡಲು ಹೊರಟಿದ್ದೆ. ನಮ್ಮ ಹಿರಿಯರು ಬಸ್ಸಿನಲ್ಲಿ ಮುಂದೆ ಹೋಗಿದ್ದರು. ಹುಡುಗಿಯ ತಂದೆ ಮುನಿಸ್ವಾಮಪ್ಪನವರು, "ಕಟ್ಟೆ ಇಳೀತಿದ್ದಂಗೆ ಸುಣ್ಣದಲ್ಲಿ ಬಾಣ ಬರ್ಸಿರ್ತೀನಿ, ಅದ್ನೇ ಇಡ್ಕೊಂಡು ಬಂದ್ಬಿಡಿ. ನಾಲ್ಕೂವರೆಗೆ ರಾಹುಕಾಲ, ಅಷ್ಟ್ರೊಳ್ಗೆ ಬರ್ಲಿಲ್ಲಾಂದ್ರೆ ಮಾತೇ ಇಲ್ಲ" ಎಂದು ಹೇಳಿಕಳಿಸಿದ್ದರು. ಆರು ಮನೆಗಳ ಉಪ್ಪಿಟ್ಟು ತಿಂದು ಬರಿಗೈಯಲ್ಲಿ ಮರಳಿದವನಿಗೆ ಇದು ಏಳನೆಯದು. ಫೋಟೋ ನೋಡಿಯೇ ನಾನು ಸೋತಿದ್ದೆ.

ಬಾಣಗಳು ಕಂಡವು, ಒಂದಲ್ಲ, ನಲವತ್ತು. ಅಳಿಯನಾಗುವವನಿಗೆ ಇಷ್ಟು ಮರ್ಯಾದೆಯೇ ಎಂದು ಕಣ್ಣು ತುಂಬಿಬಂತು. ಬಾವುಟ ಬೀಸಿದರು, ಚಪ್ಪಾಳೆ ತಟ್ಟಿದರು, ತಮ್ಮ ಸ್ವಯಂಸೇವಕರೊಬ್ಬರು ಬೆನ್ನಿಗೆ 'ಹದಿನೇಳು' ಎಂಬ ಬಟ್ಟೆ ಕಟ್ಟಿದಾಗಲೂ ಇದು ಈ ಕಡೆಯವರ ಶಾಸ್ತ್ರವಿರಬೇಕೆಂದು ತಲೆಬಾಗಿ ಕಟ್ಟಿಸಿಕೊಂಡೆ. ಆಮೇಲೆ ತಾವು ಅಷ್ಟು ಶ್ರದ್ಧೆಯಿಂದ ತೋಡಿಸಿದ ಹಳ್ಳ, ಪೇರಿಸಿದ ದಿಬ್ಬ, ಕಲಸಿಟ್ಟ ಕೆಸರು ಎಲ್ಲವನ್ನೂ ಬಾಳೆಗೊನೆ ಸಮೇತ ಅನುಭವಿಸಿದೆ. ಎಮ್ಮೆ ಮೇಯಿಸುತ್ತಿದ್ದ ಬಚ್ಚಪ್ಪ ಎಂಬುವರು, "ಏನ್ ಸ್ವಾಮಿ, ಎರಡ್ ಸುತ್ತಾತು, ನಿಮ್ನ ನೋಡಿ ನಮ್ಮೆಮ್ಮೆಗೂ ತಲೆ ತಿರುಗ್ತೈತೆ, ಎಲ್ಗೋಗ್ಬೇಕು?" ಎಂದು ಕೇಳಿದರು. ಉತ್ತರ ಹೇಳಲು ಹಿಂದಿನ ಜೀಪು ಬಿಡಲಿಲ್ಲ.

ಮೂರನೆಯ ಸುತ್ತಿನಲ್ಲಿ, ಅದುವರೆಗೆ ಏನೂ ಇರದಿದ್ದ ಬೇಲಿಯ ಬದಿಯಲ್ಲಿ ಒಂದು ಪುಟ್ಟ ಬಾಣ ಕಂಡಿತು. ತುದಿಯಲ್ಲಿ ಮೂರು ಚುಕ್ಕಿ, ಬಾಲದಲ್ಲಿ ಒಂದು ಬಳ್ಳಿ. ಅದನ್ನು ನಂಬಿ ತಿರುಗಿಸಿದೆ; ನಾಲ್ಕು ಗಂಟೆ ಇಪ್ಪತ್ತೇಳು ನಿಮಿಷಕ್ಕೆ ಮುನಿಸ್ವಾಮಪ್ಪನವರ ಜಗಲಿಯ ಮುಂದೆ, ಕಣ್ಣೆರಡು ಬಿಟ್ಟು ಮಿಕ್ಕೆಲ್ಲ ಕೆಸರಾಗಿ ನಿಂತಿದ್ದೆ.

ಆದಕಾರಣ ತಮ್ಮಲ್ಲಿ ವಿನಂತಿಸುವುದೇನೆಂದರೆ, ಮುಂದಿನ ಓಟವನ್ನು ಪಂಚಾಂಗ ಕೇಳಿಯೇ ಇಡತಕ್ಕದ್ದು. ಸಾಧ್ಯವಾಗದಿದ್ದರೆ ರಾಹುಕಾಲವನ್ನಾದರೂ ಒಂದು ಗಂಟೆ ಮುಂದೂಡಿಸತಕ್ಕದ್ದು. ನನ್ನ ಎಡಗಾಲಿನ ಚಪ್ಪಲಿಯನ್ನು ಕೆರೆಯಿಂದ ಬಿಡಿಸಿಕೊಡತಕ್ಕದ್ದು. ಮತ್ತು ನಲವತ್ತು ಬಾಣ ಬರೆದವರನ್ನೆಲ್ಲ ಮನೆಗೆ ಕಳಿಸಿ, ಆ ಒಂದೇ ಒಂದು ಸರಿಯಾದ ಬಾಣ ಬರೆದವರಿಗೆ ಬಡ್ತಿ ನೀಡತಕ್ಕದ್ದು.

ಮೈಕೈ ನೋವಿನಲ್ಲಿಯೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಓಂಕಾರಪ್ಪ (ಹದಿನೇಳು)

ತಾ.ಕ.: ಬಡ್ತಿಯ ಶಿಫಾರಸನ್ನು ಹಿಂತೆಗೆದುಕೊಂಡಿದ್ದೇನೆ. ಮುನಿಸ್ವಾಮಪ್ಪನವರು ಬಾಣ ಬರೆಸುವುದನ್ನು ಮರೆತೇಬಿಟ್ಟಿದ್ದರಂತೆ. ಅವರ ಮಗಳು ಆದಿಲಕ್ಷ್ಮಿ ಮಾಳಿಗೆಯಿಂದ ನೋಡಿ, "ಬಾಳೆಗೊನೆ ಕಟ್ಕೊಂಡು ರೇಸಿಗ್ ಬರೋರು ಯಾರವ್ರೆ, ಇವ್ರು ನಮ್ಮನೆಗೇ ಬಂದೋರು" ಎಂದು ರಂಗೋಲಿ ಬಟ್ಟಲು ಹಿಡಿದು ಬೇಲಿಗೆ ಓಡಿದ್ದರಂತೆ. ಆ ಕೈ ವೈಶಾಖದಿಂದ ನಮ್ಮ ಕ್ವಾರ್ಟರ್ಸಿನ ಬಾಗಿಲಿಗೆ ರಂಗೋಲಿ ಹಾಕಲಿದೆ. ತಮ್ಮ ಜೀಪುಗಳು ಈ ಕಡೆ ಬಂದಾಗ ಅದನ್ನೂ ಬಾಣವೆಂದು ತಿಳಿದು ಒಳಗೆ ನುಗ್ಗಬಾರದಾಗಿ ಕೋರಿಕೆ.