ಕೆಂಪು ಗೆರೆಯ ಪೊಟ್ಟಣಗಳು

ಪರೀಕ್ಷೆಗೆ ಓದುವವರ ಕಷ್ಟವನ್ನು ಎಲ್ಲರೂ ಕೇಳುತ್ತಾರೆ; ಅವರ ಜೊತೆ ಒಂದೇ ಸೂರಿನಡಿ ಬಾಳುವವರ ಕಷ್ಟವನ್ನು ಯಾರೂ ವಿಚಾರಿಸುವುದಿಲ್ಲ. ನನ್ನ ಹೆಂಡತಿ ಶಶಿಕಲಾ ಎಫ್‌ಡಿಎ ಪರೀಕ್ಷೆಗೆ, ಅಂದರೆ ಸರ್ಕಾರಿ ಕಚೇರಿಯ ಗುಮಾಸ್ತಿಕೆಗೆ, ಓದಲು ಕೂತ ದಿನದಿಂದ ನಮ್ಮ ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆ ಎಂದು ಹೇಳಬೇಕಾದರೂ ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡಬೇಕಾಗಿ ಬಂತು. ಮುದ್ದೆ ಮುರಿಯುವಾಗ ಮಂಗೋಲಿಯಾದ ರಾಜಧಾನಿ, ಮಜ್ಜಿಗೆ ಬಡಿಸುವಾಗ ಸಂವಿಧಾನದ ತಿದ್ದುಪಡಿ. ನಾನು ಹಗರೆಯಲ್ಲಿ ಬಸ್ಸು ನಿಲ್ಲುವ ಕಡೆ ದಿನಸಿ ಅಂಗಡಿ ಇಟ್ಟುಕೊಂಡವನು. ನನಗೆ ಗೊತ್ತಿರುವುದು ಯಾವ ಬೇಳೆ ಬೇಗ ಬೇಯುತ್ತದೆ ಎಂಬುದು. ಅದನ್ನು ಯಾವ ಪರೀಕ್ಷೆಯಲ್ಲೂ ಕೇಳುವುದಿಲ್ಲ. ಆದರೂ ಒಳಗೊಳಗೇ ನನಗೆ ಹೆಮ್ಮೆ. ಡಿಗ್ರಿ ಮುಗಿಸಿ ಬಂದು ಹದಿನೈದು ವರ್ಷ ನನ್ನ ಅಂಗಡಿಯ ಹುರಿಗಡಲೆ ತೂಗಿದವಳು ಮತ್ತೆ ಪೆನ್ನು ಹಿಡಿದಿದ್ದಳು. ವಯಸ್ಸಿನ ಮಿತಿಯ ಪ್ರಕಾರ ಅವಳಿಗೆ ಇದೇ ಕೊನೆಯ ಪರೀಕ್ಷೆ.

ಪ್ಲಾಸ್ಟಿಕ್ ಕವರು ಕೊಡಬಾರದು ಎಂದಾದ ಮೇಲೆ ನಾನು ಅರಸೀಕೆರೆಯಿಂದ ಹಳೇ ಪೇಪರನ್ನು ಕಟ್ಟುಗಟ್ಟಲೆ ತಂದು ಪೊಟ್ಟಣ ಕಟ್ಟುತ್ತೇನೆ. ಆ ಪೇಪರು ನನ್ನ ಕೈಗೆ ಬರುವ ಮೊದಲು ಅವಳ ಕಣ್ಣಿಗೆ ಬೀಳಬೇಕು ಎಂಬುದು ಮನೆಯ ಕಾನೂನು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕೂತು, ಮುಖ್ಯ ಎನಿಸಿದ ಸುದ್ದಿಯ ಸುತ್ತ ಕೆಂಪು ಗೆರೆ ಎಳೆದು, ಆ ಹಾಳೆಯನ್ನು ಮಡಿಸಿ ಬಿಸ್ಕತ್ತಿನ ಡಬ್ಬಕ್ಕೆ ಹಾಕುವಳು. ಮಿಕ್ಕಿದ್ದು ನನ್ನ ಬೆಲ್ಲಕ್ಕೆ. ಹೀಗೆ ಒಂಬತ್ತು ತಿಂಗಳ ಪ್ರಪಂಚ ಆ ಡಬ್ಬದೊಳಗೆ ಕೂತಿತ್ತು. ಪರೀಕ್ಷೆ ಹತ್ತಿರ ಬಂದಾಗ ಅದನ್ನೆಲ್ಲ ಒಟ್ಟಿಗೆ ಓದಿಕೊಳ್ಳುವುದು ಅವಳ ಲೆಕ್ಕಾಚಾರ.

ಗೌರಿ ಹಬ್ಬದ ಹಿಂದಿನ ದಿನ. ಪರೀಕ್ಷೆಗೆ ಮೂರು ವಾರವಿತ್ತು. ಶಶಿಕಲಾ ಮಾದರಿ ಪರೀಕ್ಷೆ ಬರೆಯಲು ಅರಸೀಕೆರೆಗೆ ಹೋಗಿದ್ದಳು. ಅಂಗಡಿಯ ಮುಂದೆ ಕಾಲಿಡಲು ಜಾಗವಿಲ್ಲದಷ್ಟು ಜನ. ಬೆಲ್ಲ, ಕಡಲೆಬೇಳೆ, ರವೆ ಎಂದು ಎಲ್ಲರೂ ಒಟ್ಟಿಗೆ ಕೂಗುತ್ತಿರುವಾಗ ಪೇಪರು ಮುಗಿಯಿತು. ಎರಡೇ ಎರಡು ಹಾಳೆ, ಅವಳಿಗೆ ತಿಳಿಯುವುದಿಲ್ಲ ಎಂದುಕೊಂಡು ಡಬ್ಬಕ್ಕೆ ಕೈ ಹಾಕಿದೆ. ವ್ಯಾಪಾರದ ಅಮಲಿನಲ್ಲಿ ಎರಡು ಎಂಬುದು ಎಲ್ಲಿ ನಿಂತಿತೋ ದೇವರೇ ಬಲ್ಲ. ಸಂಜೆ ಅವಳು ಬಸ್ಸಿಳಿಯುವಾಗ ಡಬ್ಬದ ತಳ ಥಳಥಳ ಹೊಳೆಯುತ್ತಿತ್ತು.

ಬೈಸಿಕೊಳ್ಳಲು ನಾನು ಸಿದ್ಧನಾಗಿಯೇ ನಿಂತಿದ್ದೆ. ಅವಳು ಬೈಯಲಿಲ್ಲ. “ಇದೊಂದೇ ಸಲ ಉಳಿದಿತ್ತು ಕಣ್ರೀ,” ಎಂದಷ್ಟೇ ಹೇಳಿ ಡಬ್ಬದ ಮುಚ್ಚಳ ಮುಚ್ಚಿದಳು. ಎಲ್ಲಾ ಮೊಬೈಲಿನಲ್ಲೇ ಸಿಗುವುದಿಲ್ಲವೇ ಎಂದು ನಿಮ್ಮ ಹಾಗೆ ನಾನೂ ಕೇಳಿದೆ. ಮೊಬೈಲಿನಲ್ಲಿ ಎಲ್ಲವೂ ಇದೆ, ಅದರಲ್ಲಿ ಏನನ್ನು ಹುಡುಕಬೇಕು ಎಂಬುದು ಈ ಡಬ್ಬದಲ್ಲಿತ್ತು ಎಂದಳು.

ಹಬ್ಬ ಕಳೆದ ಮರುದಿನ ಬೆಳಿಗ್ಗೆ ಮೊಪೆಡ್ಡು ಹತ್ತಿ ಪೊಟ್ಟಣ ಬೇಟೆಗೆ ಹೊರಟೆ. ಮೊದಲು ಹೋದದ್ದು ಪುಟ್ಟಮ್ಮಜ್ಜಿಯ ಮನೆಗೆ. ಒಲೆಯ ಮುಂದೆ ಕೂತಿದ್ದ ಅಜ್ಜಿಯನ್ನು ನೋಡಿದಾಗಲೇ ನನ್ನ ಹಾಳೆಯ ಗತಿ ತಿಳಿಯಿತು. “ಉರಿ ಹಚ್ಬುಟ್ಟೆ ಕಣಪ್ಪ. ಕೆಂಪ್ ಗೆರೆ ಇತ್ತಲ್ಲ, ಪಿಂಚಣಿ ಇಚಾರ ಇರ್ಬೈದು ಅಂತ ಮೊಮ್ಮಗಳ ಕೈಲಿ ಎಲ್ಡ್ ಸಲ ಓದಿಸ್ದೆ. ಯಾವ್ದೋ ಇಂಡೋನೇಸ್ಯ ಅಂತೆ, ಇರೋ ಊರು ಮುಳುಗ್ತಾ ಐತೆ ಅಂತ ರಾಜ್ದಾನಿನೇ ಬ್ಯಾರೆ ಕಡೆ ಕಟ್ತಾವ್ರಂತೆ. ನಮ್ ಪಿಂಚಣಿದು ಏನೂ ಇರ್ನಿಲ್ಲ,” ಎಂದು ನನ್ನನ್ನೇ ದೂರಿದರು. ಆಗ ನನಗೆ ಹೊಳೆಯಿತು: ಹಾಳೆ ಸುಟ್ಟರೂ ಸುದ್ದಿ ಸುಟ್ಟಿಲ್ಲ. ಕೆಂಪು ಗೆರೆ ಕಂಡವರೆಲ್ಲ ಇದು ಅಂಗಡಿಯವನು ತಮಗೇ ಕಳಿಸಿದ ಸಂದೇಶ ಎಂದುಕೊಂಡು ಅಕ್ಷರ ಬಿಡದೆ ಓದಿದ್ದರು.

ಹಾಲಿನ ಡೈರಿಯ ನಂಜಪ್ಪ ಮಾತ್ರ ನನ್ನನ್ನು ಕಂಡು ಮುಖ ತಿರುಗಿಸಿದ. ಅವನ ಬೆಲ್ಲ ಸುತ್ತಿದ್ದ ಹಾಳೆಯಲ್ಲಿ ಆಹಾರ ಕಲಬೆರಕೆಯ ಕಾನೂನಿನ ಸುದ್ದಿಗೆ ಶಶಿಕಲಾ ಎರಡೆರಡು ಸುತ್ತು ಗೆರೆ ಎಳೆದಿದ್ದಳಂತೆ. “ನನ್ ಹಾಲಲ್ಲಿ ನೀರು ಕಂಡಿದ್ರೆ ಎದುರಿಗೆ ಹೇಳ್ಬೇಕಿತ್ತು ಕಣಯ್ಯ. ಹಿಂಗೆ ಬೆಲ್ಲಕ್ಕೆ ಸುತ್ತಿ ಕಳ್ಸೋದಾ?” ಎಂದ. ನಡೆದದ್ದನ್ನೆಲ್ಲ ಹೇಳಿ, ಕೈ ಮುಗಿದು, ಅವನ ಮನೆಯ ಕಾಫಿ ಕುಡಿದ ಮೇಲೆ ಸಮಾಧಾನವಾಯಿತು. ಸಿಟ್ಟಿನಲ್ಲಿ ಅಷ್ಟು ಸಲ ಓದಿದ್ದರಿಂದ ಆ ಕಾನೂನು ಅವನಿಗೆ ಬಾಯಿಪಾಠವಾಗಿತ್ತು. ಅಂಗಡಿಗೇ ಬಂದು ಶಶಿಕಲಾಳ ಎದುರು ಗಡಗಡ ಒಪ್ಪಿಸಿದ.

ಅವನ ಡೈರಿಯಿಂದ ಸುದ್ದಿ ಊರಿಗೆಲ್ಲ ಹರಡಿತು; ಅಲ್ಲಿಂದ ಮುಂದೆ ನಾನು ಮೊಪೆಡ್ಡು ಹತ್ತಬೇಕಾಗಲಿಲ್ಲ. ಜನರೇ ಬಂದರು. ಕೆಲವರು ಬೆಲ್ಲದ ಜಿಡ್ಡು ಹತ್ತಿದ ಹಾಳೆ ತಂದರು, ಕೆಲವರು ಬರೀ ನೆನಪು ತಂದರು. ತವರಿಗೆ ಹೋದ ಒಬ್ಬಾಕೆ ಹಳೇಬೀಡಿನಿಂದ ಫೋನು ಮಾಡಿ, ಬೇಲೂರು ಹಳೇಬೀಡಿನ ಗುಡಿಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸುದ್ದಿಯನ್ನು ಆ ಗುಡಿಯ ಕಾಂಪೌಂಡಿನ ಪಕ್ಕದಲ್ಲೇ ನಿಂತು ಓದಿ ಹೇಳಿದಳು. ಶಶಿಕಲಾ ತಕ್ಕಡಿಯ ಪಕ್ಕ ನೋಟ್‌ಬುಕ್ ಇಟ್ಟುಕೊಂಡು ಎಲ್ಲವನ್ನೂ ಬರೆದುಕೊಂಡಳು, ಒಂದೊಂದನ್ನೂ ಮೊಬೈಲಿನಲ್ಲಿ ತಾಳೆ ನೋಡಿದಳು. ಅವಳ ಮುಖದಲ್ಲಿ ಮತ್ತೆ ನಗು ಬಂದದ್ದು ನೋಡಿ ನನಗೆ ಅಳುವೇ ಬಂತು. ಊರವರೆಲ್ಲ ಏನಾದರೊಂದು ಕೊಡುತ್ತಿರುವಾಗ ಗಂಡನಾದವನು ಸುಮ್ಮನಿರುವುದು ಹೇಗೆ? ಹುರಿಗಡಲೆ ಕಟ್ಟುವಾಗ ನಾನೂ ಒಂದು ಹಾಳೆಯ ಮೇಲೆ ಕಣ್ಣಾಡಿಸಿದ್ದೆ. ಆಕ್ಟೋಪಸ್ ಎಂಬ ಸಮುದ್ರದ ಜೀವಿಗೆ ಎರಡು ಹೃದಯ ಇರುತ್ತವೆ, ಬರೆದುಕೋ ಎಂದೆ. ಬರೆದುಕೊಂಡಳು.

ಅರಸೀಕೆರೆಯಲ್ಲಿ ಪರೀಕ್ಷೆ ಮುಗಿಸಿ ಹೊರಬಂದವಳು, ಮುಳುಗುವ ರಾಜಧಾನಿಯ ಪ್ರಶ್ನೆ ಬಂದಿತ್ತು, ಓದುವಾಗಲೇ ಪುಟ್ಟಮ್ಮಜ್ಜಿ ಕಣ್ಣ ಮುಂದೆ ಬಂದರು ಎಂದು ನಕ್ಕಳು. ಮೊನ್ನೆ ಪಟ್ಟಿ ಬಂತು. ದಾಖಲೆ ಪರಿಶೀಲನೆಗೆ ಕರೆದಿದ್ದಾರೆ. ಕೆಲಸ ಇನ್ನೂ ಕೈಗೆ ಬಂದಿಲ್ಲ, ಆದರೆ ಬರುತ್ತದೆ ಎಂದು ನನ್ನ ಮನಸ್ಸು ಹೇಳುತ್ತದೆ. ಹಗರೆಯಲ್ಲಿ ಈಗ ಪ್ರತಿಯೊಬ್ಬರೂ ತಮ್ಮ ಪ್ರಶ್ನೆಯಿಂದಲೇ ಅವಳು ಪಾಸಾದದ್ದು ಎಂದು ಹೇಳಿಕೊಂಡು ಓಡಾಡುತ್ತಿದ್ದಾರೆ. ಅವರು ಹೇಳಿದ್ದರಲ್ಲಿ ಪರೀಕ್ಷೆಗೆ ಬಂದದ್ದೆಲ್ಲ ಸರಿಯಾಗಿತ್ತು. ತಪ್ಪಿದ್ದು ಆಕ್ಟೋಪಸ್ ಒಂದೇ. ಅದಕ್ಕೆ ಮೂರು ಹೃದಯವಂತೆ.

ಎಲ್ಲರದ್ದನ್ನೂ ಮೊಬೈಲಿನಲ್ಲಿ ನೋಡಿದವಳು ಇದನ್ನು ಯಾಕೆ ನೋಡಲಿಲ್ಲ ಎಂದು ಕೇಳಿದೆ. “ನೀವು ಹೇಳಿದ್ರಲ್ಲ ಅಂತ ನೋಡ್ಲಿಲ್ಲ ಕಣ್ರೀ,” ಎಂದಳು. ಅದಕ್ಕಿಂತ ದೊಡ್ಡ ಮಾತನ್ನು ಮದುವೆಯಾದಾಗಿನಿಂದ ಅವಳು ನನಗೆ ಹೇಳಿರಲಿಲ್ಲ. ಆದರೆ ಅದು ಅಂದಿನ ಮಾತು. ಈಗ ನಾನು ಗಂಟೆ ಎಂಟಾಯಿತು ಎಂದರೂ ಅವಳು ತಲೆಯೆತ್ತಿ ಗೋಡೆಯ ಗಡಿಯಾರ ನೋಡುತ್ತಾಳೆ.