ನಮ್ಮ ಮಾವನ ಒಣ ಸಮುದ್ರ

ನಿಜಾಮರ ಸೀಮೆಗೆ ಸಮುದ್ರವಿಲ್ಲ ಎಂದು ಭೂಗೋಳದ ಪುಸ್ತಕ ಹೇಳುತ್ತಿತ್ತು. ನಮ್ಮ ಸೋದರಮಾವ ಆ ಪುಸ್ತಕ ಓದಿರಲಿಲ್ಲ. ಓದದವರಿಂದ ಲೋಕಕ್ಕೆ ಎಂಥೆಂಥ ಉಪಕಾರವಾಗುತ್ತದೆ ನೋಡಿ! ಇಡೀ ಸೀಮೆಯಲ್ಲಿ ಯಾರಿಗೂ ಇಲ್ಲದ ಸಮುದ್ರವೊಂದನ್ನು ಅವನು ಕೊಪ್ಪಳದಿಂದ ಅರ್ಧ ದಿನದ ಗಾಡಿದಾರಿಯಲ್ಲಿ ಇಟ್ಟುಕೊಂಡಿದ್ದ. ಬರೀ ಇಟ್ಟುಕೊಂಡಿರಲಿಲ್ಲ, ನಾಲ್ಕೈದು ಜನರನ್ನು ಸವಾರಿ ಗಾಡಿಯಲ್ಲಿ ಕೂಡಿಸಿ, ಬೆಳಗಿನಿಂದ ಸಂಜೆಯ ತನಕ ಅದರ ದಂಡೆಗುಂಟ ತಿರುಗಾಡಿಸಿ, ಬುತ್ತಿ ಉಣ್ಣಿಸಿ ಕಳಿಸುತ್ತಿದ್ದ. ಆ ಸಮುದ್ರಕ್ಕೆ ಇದ್ದ ಕೊರತೆ ಒಂದೇ. ಅದರಲ್ಲಿ ನೀರಿರಲಿಲ್ಲ.

ಆದದ್ದು ಇಷ್ಟು. ಮುನಿರಾಬಾದಿನ ಹತ್ತಿರ ಹೊಳೆಗೆ ಅಡ್ಡ ಆಣೆಕಟ್ಟು ಕಟ್ಟುತ್ತಾರಂತೆ ಎಂಬ ಸುದ್ದಿ ಹುಟ್ಟಿದ ಕಾಲ. ಅಳತೆಯ ಮಂದಿ ಬಂದರು. ಮೂರು ಕಾಲಿನ ದುರ್ಬೀನು ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ನಮ್ಮ ಮಾವನ ಊರನ್ನು ನೋಡಿದರು. ಆಮೇಲೆ ಗುಡ್ಡದ ಓರೆಯುದ್ದಕ್ಕೂ ಸುಣ್ಣ ಬಳಿದ ಕಲ್ಲು ನೆಟ್ಟು ಹೊರಟುಹೋದರು. ಕಲ್ಲಿನಿಂದ ಮೇಲಿನದು ನೆಲ, ಕೆಳಗಿನದು ಮುಂದೆ ನೀರು. ಮಾವನ ಮನೆ, ಹೊಲ, ಹನುಮಪ್ಪನ ಗುಡಿ, ಕಟ್ಟೆ, ಬೇವಿನ ಮರ, ಸತ್ತವರನ್ನು ಹೂಳಿದ ಜಾಗ ಎಲ್ಲವೂ ಕೆಳಗೇ. ಊರಿನವರು ಅತ್ತರು, ಅರ್ಜಿ ಹಾಕಿದರು, ಮತ್ತೆ ಅತ್ತರು. ಮಾವ ಇವು ಯಾವುದನ್ನೂ ಮಾಡದೆ ಮರುದಿನ ಧೋತರವನ್ನು ಮೊಣಕಾಲ ಮೇಲೆ ಎತ್ತಿ ಹಿಡಿದುಕೊಂಡು ಮನೆಯೊಳಗೆ ಬಂದ.

“ಇದೇನಿದು ವೇಷ?” ಅಂದಳು ಅತ್ತೆ.

“ನೀರು ಐತಿ. ತೊಯ್ತೈತಲ್ಲ!”

“ಹೌದನು? ಹಂಗಾದ್ರ ನೀರಾಗ ಒಲಿ ಉರಿಯಂಗಿಲ್ಲ.”

ಅಂದು ಮಾವನಿಗೆ ರೊಟ್ಟಿ ಸಿಗಲಿಲ್ಲ.

ಅಷ್ಟಕ್ಕೇ ಬುದ್ಧಿ ಬರುವವನಾಗಿದ್ದರೆ ಅವನ ಬಗ್ಗೆ ನಾನೇಕೆ ಬರೆಯುತ್ತಿದ್ದೆ? ಒಂದೆರಡು ತಿಂಗಳಲ್ಲಿ ಅವನು ಆ ಸಮುದ್ರಕ್ಕೆ ಕಾಯಿದೆಗಳನ್ನೂ ಮಾಡಿದ. ಗಾಡಿ ಕಲ್ಲುಗಳ ಮೇಲ್ಬದಿಗೇ ಹೋಗಬೇಕು. ಕೆಳಗೆ ಇಳಿಯುವವರು ಬಟ್ಟೆ ಎತ್ತಿ ಹಿಡಿಯಬೇಕು. ಚಪ್ಪಲಿ ಕೈಯಲ್ಲಿರಬೇಕು. ಒಮ್ಮೆ ಕಂದಾಯದ ಗಿರ್ದಾವರರೊಬ್ಬರು ಸರಕಾರಿ ಠೀವಿಯಲ್ಲಿ ಬಂದವರು, ನಡುವೆ ಅವಸರವಾಗಿ ಕಲ್ಲಿನ ಕೆಳಗಿನ ಜಾಲಿಗಿಡದ ಮರೆಗೆ ಹೋದರಂತೆ. ಮಾವ ಮೇಲಿನಿಂದ ಕೂಗಿದ: “ಸಾಹೇಬ್ರ, ಊರ ಮಂದಿ ಕುಡಿಯೋ ನೀರು ಅದು!” ಗಿರ್ದಾವರರು ಕೆಲಸ ಅರ್ಧಕ್ಕೇ ಬಿಟ್ಟು ಎದ್ದು ಬಂದರು. ಸರಕಾರವನ್ನು ನಡುವೆಯೇ ಎಬ್ಬಿಸಿದ ಪ್ರಜೆ ನಮ್ಮ ಸೀಮೆಯಲ್ಲಿ ಮತ್ತೊಬ್ಬನಿರಲಿಲ್ಲ.

ಹಾಗೆಂದು ಮಾವನನ್ನು ಮಾತಿನಲ್ಲಿ ಕೆಡವಿದವರು ಇರಲಿಲ್ಲವೆ? ಇದ್ದರು. ಕಲ್ಲಿನ ಕೆಳಗೆ ಆಡು ಮೇಯಿಸುತ್ತಿದ್ದ ಮುದುಕನೊಬ್ಬನಿಗೆ ಅವನು, “ಏ, ಮ್ಯಾಲ ಹೊಡಕೊಂಡು ಬಾ! ಮುಳುಗ್ತಾವಲೇ!” ಎಂದು ಅಬ್ಬರಿಸಿದ. ಮುದುಕ ಬೀಡಿ ಬಾಯಿಂದ ತೆಗೆಯದೆ ಹೇಳಿದ: “ಆಡು ಮುಳುಗಿಲ್ಲರಿ ಗೌಡ್ರ. ಮುಳುಗಿದವ್ರಿಗೆ ಎಲ್ಲಾ ಕಡಿ ನೀರ ಕಾಣತೈತಿ.”

ಮಾವ ಗಾಡಿ ಹೊಡೆದುಕೊಂಡು ಮುಂದೆ ಹೋದನಂತೆ.

ಇಲ್ಲಿಯ ತನಕ ಎಲ್ಲವೂ ‘ಅಂತೆ’. ನಾನು ನೋಡಿದ್ದಲ್ಲ. ನೋಡಿದ್ದನ್ನಾದರೂ ಸರಿಯಾಗಿ ಹೇಳುತ್ತೇನೆಯೆ? ಚೆಂದವಾಗಿ ಜೋಡಿಸಿಟ್ಟ ನೆನಪನ್ನು ನಾನು ನಂಬುವುದಿಲ್ಲ. ಯಾರೋ ಬಂದು ಕಸ ಹೊಡೆದು ಹೋಗಿದ್ದಾರೆ ಅನಿಸುತ್ತದೆ. ಮುಂದೆ ಹೇಳುವ ದಿನದಲ್ಲಿ ಮಾವನ ಎತ್ತುಗಳು ಬಿಳಿಯವು ಎಂದು ನಾನೂ, ಒಂದು ಕೆಂಪು ಎಂದು ನಮ್ಮವರೂ ಈಗಲೂ ಜಗಳಾಡುತ್ತೇವೆ. ನಮ್ಮವರು ಅಂದರೆ ನನ್ನ ಯಜಮಾನರು, ಕೊಪ್ಪಳದ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ನಮ್ಮ ಕಡೆ ಸೋದರಮಾವನಿಗೇ ಹೆಣ್ಣು ಕೊಡುವುದುಂಟು. ನನ್ನನ್ನು ಹಾಗೆ ಕೊಡಲಿಲ್ಲ ಎಂಬುದನ್ನು ನಮ್ಮವರು ಆಗಾಗ ಬಹಳ ವಿಷಾದದಿಂದ ನೆನೆಯುತ್ತಾರೆ.

ಆದರೆ ನಗುವ ಸಂಗತಿಯೊಂದೇ ಆಗಿರಲಿಲ್ಲ ಅದು. ಮಾವನ ಮನೆಯಲ್ಲಿ ದೊಡ್ಡ ಇಕ್ಕಟ್ಟಿತ್ತು. ಅತ್ತೆ ಊರು ಬಿಡಲು ಒಪ್ಪಿರಲಿಲ್ಲ. ಉಳಿದವರು ಒಬ್ಬೊಬ್ಬರಾಗಿ ಗುಡ್ಡದ ಮೇಲಿನ ಹೊಸ ಜಾಗಕ್ಕೆ ತೊಲೆ, ಬಾಗಿಲು ಸಾಗಿಸುತ್ತಿದ್ದರು. ನೀರು ಇಂದು ಬಂತು, ನಾಳೆ ಬಂತು ಎಂದು ಗುಲ್ಲು. (ಬಂದದ್ದು ಎಷ್ಟೋ ವರ್ಷದ ಮೇಲೆ. ಅದು ನಮಗೆ ಆಗ ಹೇಗೆ ತಿಳಿಯಬೇಕು?) ಅತ್ತೆ ಮಾತ್ರ ಕದಲಳು. ಅವಳಿಗೆ ಇದ್ದದ್ದು ಒಬ್ಬಳೇ ಮಗಳು. ಬದುಕಿದ್ದರೆ ನನ್ನ ಓರಗೆಯವಳು. ಮಾತು ಕಲಿತು ಮನೆತುಂಬ ಓಡಾಡುವ ವಯಸ್ಸಿಗೆ ಜ್ವರ ಬಂದು ಹೋದಳು. ಹೊಲದ ಕೆಳತುದಿಯಲ್ಲಿ ಹೂತರು. ಅಂದಿನಿಂದ ಅತ್ತೆ ದಿನವೂ ಸಂಜೆ ದೀಪ ಹಚ್ಚುವ ಹೊತ್ತಿಗೆ ಹೊಲಕ್ಕೆ ಹೋಗಿ, ಅಲ್ಲಿ ನಿಂತು ಮಗಳನ್ನು ಊಟಕ್ಕೆ ಕರೆದು ಬರುತ್ತಿದ್ದಳು. ಅಳುತ್ತಿರಲಿಲ್ಲ. ಓಣಿಯಲ್ಲಿ ಆಡುವ ಮಕ್ಕಳನ್ನು ತಾಯಂದಿರು ಕರೆಯುವಂತೆ ಒಂದು ಸಲ ಗಟ್ಟಿಯಾಗಿ ಕರೆದು, ತಿರುಗಿ ಬಂದು ರೊಟ್ಟಿ ಬಡಿಯುತ್ತಿದ್ದಳು.

“ನೀವೆಲ್ಲಾ ಹೋಗ್ರಿ,” ಅನ್ನುತ್ತಿದ್ದಳು ಊರಿನವರಿಗೆ. “ನಾ ಬಂದ್ರ ಸಂಜಿ ಮುಂದ ಅಕೀನ್ನ ಯಾರ ಕರೀತಾರ?”

ಇದಕ್ಕೆ ಯಾರು ಉತ್ತರ ಕೊಡಬೇಕು? ಗಂಡನಾದವನು ಕೂತು ಸಮಾಧಾನ ಹೇಳಬೇಕೋ ಬೇಡವೋ? ನಮ್ಮ ಮಾವ ಗಾಡಿ ಕಟ್ಟಿಕೊಂಡು ಸಮುದ್ರ ತೋರಿಸುತ್ತ ಹೊರಟ! ನನಗೆ ಮೈಯೆಲ್ಲ ಉರಿಯಿತು. ಎಳ್ಳಮಾವಾಸ್ಯೆಗೆ ನಮ್ಮವರನ್ನು ಕರೆದುಕೊಂಡು ಹೋಗಿ, ಅವನಿಗೆ ನಾಲ್ಕು ಮಾತು ಬೈದು, ಅತ್ತೆಯನ್ನು ಕೊಪ್ಪಳಕ್ಕೆ ಕರೆತರಬೇಕೆಂದೇ ಹೊರಟೆ. ಜೊತೆಗೆ ತಾವರಗೇರಿಯ ಬಟ್ಟೆಯ ಸಾಹುಕಾರರೊಬ್ಬರು ತಾವಾಗಿ ಅಂಟಿಕೊಂಡರು. ನಮ್ಮವರ ಪರಿಚಯದವರು. ಸಂತೆಯ ಈ ತುದಿಯಿಂದ ಆ ತುದಿಗೆ ಸೀರೆಯ ಹೆಸರು ಕೂಗುವ ಗಂಟಲು ಅವರದು. “ಸಮುದ್ರ ನೋಡೂದು ನನ್ನ ಹಣಿಯಾಗ ಬರದಿಲ್ಲ ಅನಕೊಂಡಿದ್ದೆ,” ಎಂದು ದಾರಿಯುದ್ದಕ್ಕೂ ನಕ್ಕರು.

ಬೈಯಲು ಮಾವ ಬಿಡುವು ಕೊಟ್ಟರೆ ತಾನೆ! ನಾವು ಇಳಿಯುವುದರೊಳಗೆ ಅವನ ಗಾಡಿ ಸಿದ್ಧವಾಗಿತ್ತು. ಅದರಲ್ಲಿ ಅತ್ತೆ ಬುತ್ತಿಯ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದಳು. ಅವಳು ಈ ಪ್ರವಾಸಕ್ಕೆ ಬಂದದ್ದು ಅದೇ ಮೊದಲು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲದೆ, ಅಂದರೆ ಮಾಡಿದ ಅಡುಗೆಯಲ್ಲಿ ಭೂಮಿತಾಯಿಯ ಪಾಲನ್ನು ಬೆಳೆಯ ಮೇಲೆ ಎರಚದೆ, ನಮ್ಮಲ್ಲಿ ಯಾರೂ ಉಣ್ಣುವುದಿಲ್ಲ. ಮಾವ ಆ ನೆಪದಲ್ಲಿ ಅವಳನ್ನು ಗಾಡಿಗೆ ಹತ್ತಿಸಿದ್ದ.

ಗಾಡಿ ಗುಡ್ಡದ ಓರೆಗೆ ಹತ್ತಿತು. ಮಾವ ಗಾಡಿಯ ಮುಂದುಗಡೆ ಮೂಕಿಯ ಮೇಲೆ ಕೂತು ವರ್ಣನೆ ಶುರುಮಾಡಿದ.

“ಎಡಕ್ಕ ನೋಡ್ರಿ, ಸಮುದ್ರ. ಬಲಕ್ಕ ನೋಡಬ್ಯಾಡ್ರಿ, ಬಲಕ್ಕ ಏನೂ ಇಲ್ಲ, ಮುಂದ ನಾವು ಇರೂದು ಅಲ್ಲೇ.”

ಎಡಕ್ಕೆ ಕಣ್ಣು ಹರಿಯುವಷ್ಟೂ ಜೋಳ. ತೆನೆ ಬಿಟ್ಟು ಗಾಳಿಗೆ ಒಂದು ಕಡೆ ಬಾಗಿ, ಮತ್ತೆ ಏಳುತ್ತಿತ್ತು. ಸಮುದ್ರ ಕಾಣದ ನಾನು ಒಂದು ಗಳಿಗೆ ನಂಬಿಬಿಟ್ಟೆ.

“ಅದು ಹನುಮಪ್ಪನ ಗುಡಿ. ಕಳಸ ಅಷ್ಟ ಮ್ಯಾಲ ಉಳೀಬಹುದು.”

“ದೇವ್ರನ್ನ ನೀರಾಗ ಬಿಡತೀರೇನ್ರಿ ಮಾವಾರ?” ಅಂದರು ನಮ್ಮವರು.

“ಒಂದ್ ಸಲ ಸಮುದ್ರ ಹಾರಿ ಹೋದಾವ ಅವ. ಈ ಸಲ ಒಳಗ ಕುಂತು ನೋಡ್ಲಿ. ನಮಗ ಹಾರಾಕ ಬರತೈತೇನು?”

ಸಾಹುಕಾರರು ಗಾಡಿ ಅಲುಗುವಂತೆ ನಕ್ಕರು. ಅತ್ತೆ ಎಡಕ್ಕೂ ನೋಡಲಿಲ್ಲ, ಬಲಕ್ಕೂ ನೋಡಲಿಲ್ಲ.

ಮಧ್ಯಾಹ್ನ ಮಾವ ಗಾಡಿ ನಿಲ್ಲಿಸಿದ್ದು ಅವನ ಹೊಲದ ಮೇಲೆ. ಹೊಲ ಅಲ್ಲಿಂದ ಬಹಳ ಕೆಳಗೆ, ಹೊಳೆಯ ಕಡೆಗೆ. ದಂಡೆಯ ಮೇಲಿನಿಂದಲೇ ಚರಗ ಚೆಲ್ಲು ಎಂದ ಅತ್ತೆಗೆ.

“ಹೊಲದಾಗ ಕಾಲಿಡದ ಚರಗ ಚೆಲ್ಲೂದು ಯಾರ ಮನಿ ಪದ್ಧತಿ?” ಎಂದವಳೇ ಅತ್ತೆ ಬುಟ್ಟಿ ಎತ್ತಿಕೊಂಡು ಕೆಳಗೆ ನಡೆದಳು. ನಾವೆಲ್ಲ ಹಿಂದೆ ಹೊರಟೆವು. ಮಾವನ ಕಾಯಿದೆಗೆ ಹೆದರಿ ನಮ್ಮವರು ಧೋತರ ಎತ್ತಿದರು, ಸಾಹುಕಾರರು ಏದುಸಿರು ಬಿಡುತ್ತ ಚಪ್ಪಲಿ ಕೈಗೆ ತೆಗೆದುಕೊಂಡರು, ನಾನು ನಿರಿಗೆ ಹಿಡಿದೆ. ಅತ್ತೆ ಏನನ್ನೂ ಎತ್ತಲಿಲ್ಲ. ಸೀರೆಯ ಅಂಚು ಹೆಂಟೆಯ ಮೇಲೆ ಎಳೆದುಕೊಂಡು ನೆಟ್ಟಗೆ ಹೋದಳು. ಮಾವ ಅವಳನ್ನು ತಡೆಯಲಿಲ್ಲ.

“ಇದು ನ್ಯಾಯ ಅಲ್ಲರಿ ಗೌಡ್ರ!” ಅಂದರು ಸಾಹುಕಾರರು. “ಅವರಿಗೆ ನೀರು ಇಲ್ಲೇನು?”

“ಅಕಿ ಮೊದಲ ಮುಳುಗ್ಯಾಳ್ರಿ,” ಅಂದ ಮಾವ.

ನಾನು ಬೈಯಬೇಕೆಂದು ತಂದಿದ್ದ ನಾಲ್ಕು ಮಾತುಗಳಲ್ಲಿ ಒಂದೂ ಆಮೇಲೆ ನೆನಪಿಗೆ ಬರಲಿಲ್ಲ.

ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಉಂಡು, ಮತ್ತೆ ದಂಡೆಗೆ ಹತ್ತಿದೆವು. ಇನ್ನು ಪ್ರವಾಸದ ಕೊನೆಯ ಆಟ. ಇದರ ಸುದ್ದಿ ಕೊಪ್ಪಳದ ತನಕ ಬಂದಿತ್ತು. ಹೊಲದ ನೆತ್ತಿಯ ಮೇಲೆ, ಕಲ್ಲುಗಳ ಸಾಲಿನಲ್ಲಿ, ಅಲ್ಲೊಂದು ಇಲ್ಲೊಂದು ದೊಡ್ಡ ಬಂಡೆಗಳಿದ್ದವು. ಮಾವ ಬಂದವರನ್ನು ಬಂಡೆಯ ಮೇಲೆ ನಿಲ್ಲಿಸಿ, ತಾನು ಕೆಳಗೆ ಓಡಿ, ಹೊಲದ ಕೆಳತುದಿಯ ಜೋಳದಲ್ಲಿ ಮುಳುಗಿ ನಿಲ್ಲುತ್ತಿದ್ದ. ಮೇಲಿನವರು ಬಾಯಿಗೆ ಬಂದದ್ದನ್ನು ಕೂಗಬೇಕು. ಕೇಳಿದರೆ ಅವನು ಶಲ್ಯ ಎತ್ತಿ ತೋರಿಸಬೇಕು. ಕೇಳದಿದ್ದರೆ ಮೇಲೆ ಬಂದು, ಮುಂದಿನ ಬಂಡೆಗೆ ಕರೆದೊಯ್ಯುತ್ತಿದ್ದ. ಎಷ್ಟು ಜನ ಕೂಗಿ ಹೋಗಿದ್ದರು! ಭಜನೆಯವರು, ಶಾಲೆಯ ಮಾಸ್ತರರು. ಆ ಗಿರ್ದಾವರರೂ ತಮ್ಮ ಹುದ್ದೆಯ ಸಮೇತ ಹೆಸರು ಕೂಗಿ ಗಂಟಲು ಕಟ್ಟಿಸಿಕೊಂಡಿದ್ದರಂತೆ. ಶಲ್ಯ ಮೇಲೆದ್ದದ್ದನ್ನು ಮಾತ್ರ ಇದುವರೆಗೆ ಯಾರೂ ಕಂಡಿರಲಿಲ್ಲ.

ಅಂದು ಸಾಹುಕಾರರು ಪಣ ತೊಟ್ಟರು. ಮೊದಲ ಬಂಡೆಯಿಂದ ತಾವರಗೇರಿ ಸಂತೆಯನ್ನೇ ಕೂಗಿದರು. ಜೋಳ ಅಲುಗಿತು, ಶಲ್ಯ ಏಳಲಿಲ್ಲ. ಎರಡನೆಯದರಿಂದ ಇಳಕಲ್ಲ ಸೀರೆ ಕೂಗಿದರು. ಏಳಲಿಲ್ಲ. ಗಾಳಿ ನಮಗೆ ಎದುರಾಗಿತ್ತು.

ಕೊನೆಯ ಬಂಡೆಗೆ ಬರುವಾಗ ಹೊತ್ತು ಇಳಿದಿತ್ತು. ಮಾವ ಬೆವೆತು, ಏದುಸಿರು ಬಿಡುತ್ತ ಬಂಡೆಗೆ ಕೈಕೊಟ್ಟು ನಿಂತ. ಅದರ ಬುಡವನ್ನು ಯಾರೋ ಮಟ್ಟಮಾಡಿದ್ದರು. ಹತ್ತಲು ಮೂರು ಸಣ್ಣ ಮೆಟ್ಟಿಲು ಕಟ್ಟಿದ್ದರು. ಯಾರೋ ಅಂದರೆ ಮತ್ತಾರು?

“ಸಾಹುಕಾರ್ರ, ನೀವು ಸಾಕ್ರಿ,” ಅಂದ. ಆಮೇಲೆ ಅತ್ತೆಯ ಕಡೆ ನೋಡದೆ, ಎತ್ತಿನ ಕೊರಳ ಹಗ್ಗ ಸಡಿಲಿಸುತ್ತ, “ಹೊತ್ತಾತು. ಇಲ್ಲಿಂದ ಒಮ್ಮಿ ಕರದು ನೋಡು. ನಾ ಅಲ್ಲಿ ಇರ್ತೀನಿ,” ಎಂದು ಕೆಳಗೆ ಇಳಿದುಹೋದ. ಜೋಳ ಅವನನ್ನು ನುಂಗಿತು.

ಆಗ ನಮಗೆ ಅರ್ಥವಾಯಿತು. ಆ ಕೆಳತುದಿ ಯಾವುದು, ವರ್ಷವಿಡೀ ಕಂಡವರನ್ನೆಲ್ಲ ಕರೆತಂದು ಕೂಗಿಸಿದ್ದು ಏತಕ್ಕೆ ಎಂದು. ಸಾಹುಕಾರರು ಕೈಯಲ್ಲಿದ್ದ ಚಪ್ಪಲಿಯನ್ನು ಮೆಲ್ಲಗೆ ನೆಲಕ್ಕಿಟ್ಟರು.

ಅತ್ತೆ ಮೆಟ್ಟಿಲು ಹತ್ತಿ ನಿಂತಳು. ನಾನು ಅವಳ ಮೊಣಕೈ ಹಿಡಿದಿದ್ದೆ. ಅವಳು ಬಾಯಿ ತೆರೆಯಲಿಲ್ಲ. ನಮ್ಮವರು ಈಗಲೂ ವಾದ ಮಾಡುತ್ತಾರೆ, ಅವಳು ಮೆಲ್ಲಗೆ ಕರೆದಿರಬೇಕು ಎಂದು. ಎತ್ತಿನ ಬಣ್ಣದಲ್ಲಿ ನಾನು ಬೇಕಾದರೆ ಸೋಲುತ್ತೇನೆ, ಇದರಲ್ಲಿ ಸೋಲುವುದಿಲ್ಲ. ಅವಳು ಕರೆದಿರಲಿಲ್ಲ. ಉಸಿರು ಕೂಡ ಎಳೆದುಕೊಂಡಿರಲಿಲ್ಲ.

ದೂರದಲ್ಲಿ ಜೋಳದ ಮೇಲೆ ಶಲ್ಯ ಎದ್ದಿತು.

“ಸುಳ್ಳ!” ಅಂದಳು ಅತ್ತೆ. “ನೋಡ ಅವನ್ನ. ನಾ ಕರದೇ ಇಲ್ಲ.”

ಶಲ್ಯ ಇಳಿಯಲಿಲ್ಲ. ಗಾಳಿಗೆ ಬಡಿದುಕೊಳ್ಳುತ್ತ ಅಲ್ಲೇ ಇತ್ತು. ಅತ್ತೆ ಕರೆದಾಳು ಎಂದು ಅವನಿಗೆ ಗೊತ್ತು, ಯಾವಾಗ ಎಂದು ಗೊತ್ತಿಲ್ಲ, ಎತ್ತಿಯೇ ನಿಂತಿದ್ದ. ಅದನ್ನೇ ನೋಡುತ್ತ ಅತ್ತೆ ಒಮ್ಮೆಗೇ ಗಟ್ಟಿಯಾಗಿ ಕರೆದಳು, “ಬಾರ ನನ್ನವ್ವಾ, ಉಣ್ಣಾಕ ಬಾ!” ಶಲ್ಯ ಇದ್ದಂತೆಯೇ ಇತ್ತು.

“ಕೈ ನೋಯತೈತಿ ಮುದುಕಂಗ,” ಅಂದಳು. “ಇಳಸು ಅಂತ ಹೇಳ್ರಿ ಯಾರಾರ.”

ಸಾಹುಕಾರರು ಎರಡೂ ಕೈ ಬಾಯಿಗೆ ಹಚ್ಚಿ, ಜೀವಮಾನದ ಸಂತೆಗಳನ್ನೆಲ್ಲ ಸೇರಿಸಿ ಕೂಗಿದರು: “ಗೌಡ್ರ! ಇಳಸ್ರಿ! ಸಾಕು!”

ಶಲ್ಯ ಇಳಿಯಲಿಲ್ಲ. ಆ ದಂಡೆಯಿಂದ ಯಾರ ದನಿಯೂ ಅಲ್ಲಿಗೆ ಮುಟ್ಟುತ್ತಿರಲಿಲ್ಲ.

ಅತ್ತೆ ಬುತ್ತಿಯ ಬಟ್ಟೆಯನ್ನು ಗಂಟು ಕಟ್ಟಿ ನನ್ನ ಕೈಗೆ ಕೊಟ್ಟಳು. “ನಾಳಿ ಒಲಿ ಕಲ್ಲ ಕಿತ್ತು ಮ್ಯಾಲ ಒಯ್ಯಬೇಕು. ನಿನ್ನ ಗಂಡಗ ಒಂದಿನ ಉಳಿಯಾಕ ಹೇಳು,” ಎಂದು ಮೆಟ್ಟಿಲು ಇಳಿದಳು. ಇಳಿದು, ಸುಣ್ಣದ ಕಲ್ಲು ದಾಟಿ, ಮಾವನನ್ನು ಕರೆತರಲು ಜೋಳದ ಕಡೆಗೆ ನಡೆದಳು. ಈ ಸಲ ನಿರಿಗೆಯನ್ನು ಒಂದು ಕೈಯಲ್ಲಿ ಮೊಣಕಾಲಿನ ತನಕ ಎತ್ತಿ ಹಿಡಿದಿದ್ದಳು.